ತಾತನ ಚೀಟಿಯ ಮೂರು ಸಂಖ್ಯೆಗಳು



ಕಳೆದ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತಿದ್ದೆ. ಪಕ್ಕದ ಮನೆಯ ಹುಡುಗಿ ಗೇಟು ತೆಗೆದುಕೊಂಡು ಬಂದಳು. ಎಂಟನೇ ಕ್ಲಾಸು. ಅವರ ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವಳ ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ ಇತ್ತು. ಬಸ್ ಟಿಕೆಟ್ಟಿನಂಥ ತೆಳು ಕಾಗದ, ಅದರ ತುಂಬ ಸಂಖ್ಯೆಗಳು.

“ಡಾಕ್ಟರಜ್ಜಿ, ಇದು ನಮ್ಮ ತಾತನದು. ಆಸ್ಪತ್ರೆ ಫೈಲಲ್ಲಿ ಇತ್ತು. ನಂಗೊಂದು ಅರ್ಥ ಆಗಿಲ್ಲ. ತಾತನ ಬೆರಳಿಗೆ ಸಿಕ್ಕಿಸಿದ ಮೆಷಿನ್ನು 96 ತೋರಿಸ್ತಿತ್ತು. 96 ಅಂದ್ರೆ ಚೆನ್ನಾಗಿದೆ ಅಂತ ತಾನೇ? ಮತ್ತೆ ಯಾಕೆ ಐಸಿಯುಗೆ ಹಾಕಿದ್ರು?”

ಒಳ್ಳೆಯ ಪ್ರಶ್ನೆ. ಕೊರೊನಾ ಬಂದ ಮೇಲೆ ಆ ಬೆರಳಿನ ಕ್ಲಿಪ್ಪು ನಮ್ಮ ಎಷ್ಟೋ ಮನೆಗಳಲ್ಲಿ ಇದೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಪುಟ್ಟಿಗೆ ಮಾತ್ರವಲ್ಲ, ನಿಮಗೂ ಬೇಕು.

ಮೊದಲು ಆ ದಿನ ಏನಾಯಿತು ಎಂದು ಕೇಳಿದೆ. ತಾತ ಮೂವತ್ತು ವರ್ಷ ಬೀಡಿ ಸೇದಿದವರು. ಈಗ ಬಿಟ್ಟಿದ್ದಾರೆ, ಆದರೆ ಶ್ವಾಸಕೋಶ ಸವೆದಿದೆ. ಮನೆಯಲ್ಲೇ ಆಮ್ಲಜನಕ ಕೊಡುವ ಯಂತ್ರವಿದೆ. ಹೋದ ತಿಂಗಳು ಶೀತವಾಗಿ ಕೆಮ್ಮು ಹೆಚ್ಚಾಯಿತು. ಬೆರಳಿನ ಕ್ಲಿಪ್ಪು 89 ತೋರಿಸಿತು. ಪುಟ್ಟಿಯ ಅಪ್ಪ ಗಾಬರಿಯಾಗಿ ಆಮ್ಲಜನಕದ ತಿರುಪನ್ನು ಜಾಸ್ತಿ ಮಾಡಿದರು. ಸಂಖ್ಯೆ 96ಕ್ಕೆ ಏರಿತು. ತುಟಿ ಕೆಂಪಗಾಯಿತು. ಎಲ್ಲರಿಗೂ ಸಮಾಧಾನ. ತಾತ ಮಲಗಿದರು.

“ಆಮೇಲೆ ಸಂಜೆ ಊಟಕ್ಕೆ ಎಬ್ಬಿಸಿದ್ವಿ. ತುತ್ತು ಕೈಲಿ ಹಿಡಿದುಕೊಂಡೇ ತೂಕಡಿಸಿದ್ರು. ನನ್ನನ್ನ ಅತ್ತೆ ಹೆಸರಿಂದ ಕರೆದ್ರು. ಅಮ್ಮ, ಸುಸ್ತಾಗಿದೆ ಮಲಗಲಿ ಬಿಡು ಅಂದ್ರು. ನಂಗೆ ಯಾಕೋ ಸರಿ ಅನ್ನಿಸಲಿಲ್ಲ. ಅತ್ತುಬಿಟ್ಟೆ. ಆಗ ಅಪ್ಪ ಕಾರು ತೆಗೆದ್ರು.”

ಆಸ್ಪತ್ರೆಯಲ್ಲಿ ತಾತನ ಮಣಿಕಟ್ಟಿನಲ್ಲಿ ಸೂಜಿ ಚುಚ್ಚಿ ರಕ್ತ ತೆಗೆದರು. ಅದರ ಫಲಿತಾಂಶವೇ ಈ ಚೀಟಿ.

ನಾವು ಸಾಮಾನ್ಯವಾಗಿ ರಕ್ತ ಕೊಡುವುದು ಮೊಣಕೈ ಮಡಿಕೆಯ ನೀಲಿ ನರದಿಂದ. ನರ ಎನ್ನುವುದು ನಮ್ಮ ರೂಢಿ ಮಾತು, ಪಾಠದಲ್ಲಿ ಅದು ಅಭಿಧಮನಿ. ಅದರಲ್ಲಿ ಹರಿಯುವುದು ದೇಹವೆಲ್ಲ ಸುತ್ತಿ ಹಿಂದಕ್ಕೆ ಹೊರಟ ರಕ್ತ. ಮಣಿಕಟ್ಟಿನಲ್ಲಿ ನಾಡಿ ಮಿಡಿಯುವ ಕಡೆ ಇರುವುದು ಅಪಧಮನಿ. ಅದು ಶ್ವಾಸಕೋಶದಲ್ಲಿ ಗಾಳಿ ಬದಲಿಸಿಕೊಂಡು ಹೃದಯದಿಂದ ಆಗಷ್ಟೇ ಹೊರಟು ಬಂದ ರಕ್ತ. ಶ್ವಾಸಕೋಶ ತನ್ನ ಕೆಲಸವನ್ನು ಎಷ್ಟು ಮಾಡಿದೆ ಎಂದು ತಿಳಿಯಬೇಕಾದರೆ ಅದನ್ನೇ ನೋಡಬೇಕು. ಚುಚ್ಚಿದರೆ ನೋವು ಸ್ವಲ್ಪ ಜಾಸ್ತಿ. ರಕ್ತ ಜೋರಾಗಿ ಬರುವುದರಿಂದ ಆಮೇಲೆ ಐದು ನಿಮಿಷವಾದರೂ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ತೆಗೆದ ರಕ್ತದಲ್ಲಿ ಗಾಳಿಯ ಗುಳ್ಳೆ ಉಳಿಯಬಾರದು, ಬೇಗ ಯಂತ್ರಕ್ಕೆ ಕೊಡಬೇಕು. ಇಲ್ಲದಿದ್ದರೆ ಸಂಖ್ಯೆಗಳು ತಪ್ಪುತ್ತವೆ.

“ಸರಿ, ಈ ಪಿಎಚ್ ಅಂದ್ರೆ ನಮ್ಮ ವಿಜ್ಞಾನದ ಪುಸ್ತಕದಲ್ಲಿರೋದೇನಾ?” ಎಂದಳು ಪುಟ್ಟಿ.

ಅದೇ. ಅಡುಗೆಮನೆಗೆ ಕರೆದುಕೊಂಡು ಹೋಗಿ ತಟ್ಟೆಯಲ್ಲಿ ಚಿಟಿಕೆ ಅರಿಶಿನ ಕಲಸಿ, ಅದಕ್ಕೆ ಸುಣ್ಣದ ನೀರು ಹಾಕಿ ತೋರಿಸಿದೆ. ಕೆಂಪಾಯಿತು. ನಮ್ಮ ಹಿರಿಯರು ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುತ್ತಿದ್ದುದು ಹೀಗೆಯೇ. ಅದಕ್ಕೆ ನಿಂಬೆರಸ ಹಿಂಡಿದೆ, ಮತ್ತೆ ಹಳದಿ. ಹುಳಿ ಅಂದರೆ ಆಮ್ಲ, ಸುಣ್ಣ ಸೋಡಾಗಳು ಪ್ರತ್ಯಾಮ್ಲ. ಯಾವುದು ಎಷ್ಟು ಎಂದು ಅಳೆಯುವ ಮಾನವೇ ಪಿಎಚ್. 1909ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ಸೆನ್ ಎಂಬ ವಿಜ್ಞಾನಿ ಇದನ್ನು ಬಳಕೆಗೆ ತಂದರು. ಆ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಪಿಎಚ್ 7 ಅಂದರೆ ನಡುಮಧ್ಯ. ಅದಕ್ಕಿಂತ ಕಡಿಮೆ ಆದಷ್ಟೂ ಹುಳಿ ಜಾಸ್ತಿ. ನಮ್ಮ ರಕ್ತದ್ದು 7.35ರಿಂದ 7.45. ಎಷ್ಟು ಕಿರಿದಾದ ದಾರಿ ನೋಡಿ! 7.4ರಿಂದ 7.1ಕ್ಕೆ ಇಳಿದರೆ ಸಂಖ್ಯೆಯಲ್ಲಿ ಅಲ್ಪ ವ್ಯತ್ಯಾಸ, ಆದರೆ ರಕ್ತದ ಹುಳಿ ಎರಡರಷ್ಟಾಗಿರುತ್ತದೆ. ಆಗ ಹೃದಯ, ಮಿದುಳು ಎಲ್ಲವೂ ತೊಂದರೆಗೆ ಬೀಳುತ್ತವೆ.

ನಾವು ಉಂಡ ಅನ್ನ ದೇಹದೊಳಗೆ ಉರಿದು ಶಕ್ತಿಯಾಗುತ್ತದೆ. ಆಗ ಹೊಗೆಯ ಹಾಗೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದು ನೀರಿನಲ್ಲಿ ಕರಗಿದರೆ ಹುಳಿ. ಗೋಲಿ ಸೋಡಾ ಕುಡಿದವರಿಗೆ ಗೊತ್ತು. ಗೋಲಿ ಒತ್ತಿದ ಕೂಡಲೇ ಕುಡಿದರೆ ನಾಲಿಗೆ ಚುರುಗುಟ್ಟುತ್ತದೆ. ತೆರೆದಿಟ್ಟು ಗಾಳಿ ಹೋದ ಮೇಲೆ ಸಪ್ಪೆ. ನಾವು ಪ್ರತಿ ಸಲ ಉಸಿರು ಬಿಟ್ಟಾಗಲೂ ರಕ್ತವೆಂಬ ಸೋಡಾದಿಂದ ಗಾಳಿ ಹೊರಹೋಗುತ್ತದೆ, ಹುಳಿ ಇಳಿಯುತ್ತದೆ. ಉಸಿರು ಸಾಲದಾದರೆ ಗಾಳಿ ಒಳಗೇ ಉಳಿದು ರಕ್ತ ಹುಳಿಯಾಗುತ್ತದೆ.

ಇನ್ನೊಬ್ಬರು ಕಾವಲುಗಾರರು ಕಿಡ್ನಿಗಳು. ಅವು ಹುಳಿಯನ್ನು ಮೂತ್ರದಲ್ಲಿ ಹೊರಗೆ ಹಾಕಿ, ಬೈಕಾರ್ಬೊನೇಟನ್ನು ಉಳಿಸಿಕೊಳ್ಳುತ್ತವೆ. ಬೈಕಾರ್ಬೊನೇಟ್ ಅಂದರೆ ಬೇರೆ ಯಾರೂ ಅಲ್ಲ, ಅಡುಗೆ ಸೋಡಾದಲ್ಲಿ ಇರುವುದೇ. ಶ್ವಾಸಕೋಶ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಕಿಡ್ನಿ ನಿಧಾನ, ಗಂಟೆಗಳು, ದಿನಗಳು ಬೇಕು. ಆದರೆ ಹಿಡಿದ ಕೆಲಸ ಬಿಡುವುದಿಲ್ಲ.

ಹಾಗಾಗಿ ಒಂದು ತಕ್ಕಡಿ ನೆನೆಸಿಕೊಳ್ಳಿ. ಒಂದು ತಟ್ಟೆಯಲ್ಲಿ ಇಂಗಾಲದ ಡೈಆಕ್ಸೈಡ್, ಅದು ಶ್ವಾಸಕೋಶದ ತಟ್ಟೆ. ಅದರ ಒತ್ತಡ 35ರಿಂದ 45 ಮಿಲಿಮೀಟರ್ ಪಾದರಸ ಇರಬೇಕು. ಇನ್ನೊಂದು ತಟ್ಟೆಯಲ್ಲಿ ಬೈಕಾರ್ಬೊನೇಟ್, ಅದು 22ರಿಂದ 26. ತಕ್ಕಡಿಯ ಮುಳ್ಳೇ ಪಿಎಚ್. ಚೀಟಿ ಓದುವಾಗ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಮುಳ್ಳು ಯಾವ ಕಡೆ ವಾಲಿದೆ? ಆ ಕಡೆಗೆ ವಾಲಿಸಿದ್ದು ಯಾವ ತಟ್ಟೆ? ಇನ್ನೊಂದು ತಟ್ಟೆ ಸಹಾಯಕ್ಕೆ ಬಂದಿದೆಯೇ?

ಮೂರನ್ನೂ ಕೇಳದೆ ಒಂದೇ ಸಂಖ್ಯೆ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿಜವಾದ ಕಥೆ ಇದೆ. ಈಗ ಮತ್ತೆ ಕೋಪನ್‌ಹೇಗನ್‌ಗೆ ಹೋಗೋಣ.

1952ರ ಬೇಸಿಗೆ. ಆ ಊರಿನಲ್ಲಿ ಪೋಲಿಯೋ ಹರಡಿತು. ಅಜ್ಜ ಅಜ್ಜಿಯರಿಗೆ ಈ ಹೆಸರು ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಕೈಕಾಲು ಸೋಲುವುದಷ್ಟೇ ಅಲ್ಲ, ಕೆಲವರಿಗೆ ನುಂಗುವ, ಉಸಿರಾಡುವ ಸ್ನಾಯುಗಳೂ ಸೋಲುತ್ತಿದ್ದವು. ಬ್ಲೆಗ್‌ಡಾಮ್ ಎಂಬ ಆಸ್ಪತ್ರೆಗೆ ದಿನವೂ ಮಕ್ಕಳು ಬರುತ್ತಿದ್ದರು. ಅಲ್ಲಿ ಇದ್ದುದು ದೇಹವನ್ನೆಲ್ಲ ಒಳಗೆ ಮಲಗಿಸಿ ಉಸಿರಾಡಿಸುವ ಕಬ್ಬಿಣದ ಪೆಟ್ಟಿಗೆಯಂಥ ಯಂತ್ರ ಒಂದೇ ಒಂದು, ಎದೆಗೆ ಕಟ್ಟುವ ಚಿಕ್ಕವು ಆರು. ಮೊದಲ ಮೂರು ವಾರಗಳಲ್ಲಿ ಇಂಥ ಯಂತ್ರಗಳಲ್ಲಿಟ್ಟ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು.

ರಕ್ತ ಪರೀಕ್ಷೆಯಲ್ಲಿ ಬೈಕಾರ್ಬೊನೇಟಿನ ಲೆಕ್ಕ ಬಹಳ ಜಾಸ್ತಿ ಬರುತ್ತಿತ್ತು. ಸೋಡಾ ಜಾಸ್ತಿ ಎಂದರೆ ರಕ್ತ ಹುಳಿಯಲ್ಲ, ಅದರ ತಿರುಗುಮುರುಗು, ಎಂದು ವೈದ್ಯರು ಎಣಿಸಿದರು. ಯಾಕೆ ಹೀಗೆ ಎಂದು ಯಾರಿಗೂ ಹೊಳೆಯಲಿಲ್ಲ. ಅವರು ದಡ್ಡರಲ್ಲ, ಕಷ್ಟಪಟ್ಟು ದುಡಿಯುತ್ತಿದ್ದ ಒಳ್ಳೆಯ ವೈದ್ಯರು. ಆದರೆ ಅವರು ನೋಡುತ್ತಿದ್ದುದು ಒಂದು ತಟ್ಟೆಯನ್ನು ಮಾತ್ರ.

ಆಸ್ಪತ್ರೆಯ ಮುಖ್ಯ ವೈದ್ಯ ಲಾಸೆನ್ ಅವರು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರನ್ನು ಸಲಹೆಗೆ ಕರೆಸಿದರು. ಆಪರೇಷನ್ನಿನಲ್ಲಿ ರೋಗಿಯ ಉಸಿರನ್ನು ಕೈಯಲ್ಲಿ ಹಿಡಿದುಕೊಂಡೇ ಕೆಲಸ ಮಾಡುವವರು ಅರಿವಳಿಕೆಯವರು. ನಾನೂ ಅದೇ ಕಸುಬಿನವಳು, ಹಾಗಾಗಿ ಈ ಕಥೆ ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ. ಇಬ್ಸೆನ್ ದಾಖಲೆಗಳನ್ನೆಲ್ಲ ನೋಡಿ ಬೇರೆಯೇ ಮಾತು ಹೇಳಿದರು. ಈ ಮಕ್ಕಳ ಉಸಿರು ಸಾಲುತ್ತಿಲ್ಲ, ಇಂಗಾಲದ ಡೈಆಕ್ಸೈಡ್ ಒಳಗೇ ತುಂಬಿಕೊಂಡಿದೆ, ಬೈಕಾರ್ಬೊನೇಟ್ ಏರಿರುವುದು ಅದರಿಂದಲೇ ಎಂದರು. ಸೋಡಾ ತಟ್ಟೆ ಭಾರವಾಗಿದ್ದು ನಿಜ, ಆದರೆ ಅದು ರೋಗವಲ್ಲ, ಸಹಾಯಕ್ಕೆ ಬಂದದ್ದು.

ಆಗಸ್ಟ್ 27ರಂದು 12 ವರ್ಷದ ಒಬ್ಬ ಹುಡುಗಿಯನ್ನು ಅವರಿಗೆ ತೋರಿಸಿದರು. ಕೈಕಾಲು ಆಡುತ್ತಿರಲಿಲ್ಲ. ಉಸಿರಿಗಾಗಿ ಒದ್ದಾಡುತ್ತಿದ್ದಳು. ಕುತ್ತಿಗೆಯಲ್ಲಿ ಸಣ್ಣ ರಂಧ್ರ ಮಾಡಿ ಉಸಿರ್ನಾಳಕ್ಕೆ ಕೊಳವೆ ಇಟ್ಟರು. ಅದಕ್ಕೆ ಒಂದು ರಬ್ಬರ್ ಚೀಲ ಜೋಡಿಸಿ ಇಬ್ಸೆನ್ ಕೈಯಿಂದ ಒತ್ತಲು ಶುರು ಮಾಡಿದರು. ಮೊದಮೊದಲು ಗಾಳಿ ಒಳಗೆ ಹೋಗಲೇ ಇಲ್ಲ, ಹುಡುಗಿ ಕೊಸರಾಡಿದಳು. ನೋಡುತ್ತಿದ್ದ ಕೆಲವರು ಇದು ಆಗುವ ಕೆಲಸವಲ್ಲವೆಂದು ಹೊರಗೆ ನಡೆದರು. ಇಬ್ಸೆನ್ ಅವಳಿಗೆ ನಿದ್ದೆಯ ಮದ್ದು ಕೊಟ್ಟರು. ಒದ್ದಾಟ ನಿಂತಿತು, ಗಾಳಿ ಹೋಯಿತು. ಚೀಲ ಒತ್ತುತ್ತ ಹೋದ ಹಾಗೆ ಇಂಗಾಲದ ಡೈಆಕ್ಸೈಡ್ ಇಳಿಯಿತು. ಹುಡುಗಿ ಚೇತರಿಸಿಕೊಂಡಳು, ಬದುಕಿದಳು.

ಆ ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥ ಪೌಲ್ ಆಸ್ಟ್ರಪ್ ಪಿಎಚ್ ಅಳೆಯುವ ಯಂತ್ರ ತರಿಸಿದರು. ಅಳೆದು ನೋಡಿದರೆ ಇಬ್ಸೆನ್ ಹೇಳಿದ್ದೇ ಸರಿ, ಇಂಥ ರೋಗಿಗಳ ರಕ್ತ ಹುಳಿಯಾಗಿತ್ತು. ಇವತ್ತು ಪ್ರತಿ ಐಸಿಯುವಿನಲ್ಲಿ ಮಾಡುವ ಈ ಪರೀಕ್ಷೆ ಬೆಳೆದದ್ದು ಅಲ್ಲಿಂದ.

ಆದರೆ ಚೀಲ ಒತ್ತುವವರು ಯಾರು? ಒಂದೇ ಹೊತ್ತಿನಲ್ಲಿ 70 ರೋಗಿಗಳಿಗೆ ಹೀಗೆ ಉಸಿರು ಕೊಡಬೇಕಾದ ದಿನಗಳೂ ಬಂದವು. ಯಂತ್ರಗಳಿಲ್ಲ. ಆಗ ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ, ಹಗಲು ರಾತ್ರಿ, ತಿಂಗಳುಗಟ್ಟಲೆ ಹಾಸಿಗೆಯ ಪಕ್ಕ ಕೂತು ಚೀಲ ಒತ್ತಿದರು. ಒಂದು ಕೈಯಲ್ಲಿ ಚೀಲ ಒತ್ತುತ್ತ ಮಕ್ಕಳಿಗೆ ಕಥೆ ಓದಿ ಹೇಳಿದರು, ಆಟ ಆಡಿಸಿದರು. ನೂರಕ್ಕೆ 87ರಂತೆ ಸಾಯುತ್ತಿದ್ದವರ ಲೆಕ್ಕ ಕ್ರಮೇಣ ನೂರಕ್ಕೆ 25ರ ಆಸುಪಾಸಿಗೆ ಇಳಿಯಿತು. ಮರುವರ್ಷ, 1953ರ ಡಿಸೆಂಬರಿನಲ್ಲಿ, ಇಬ್ಸೆನ್ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ತೀರಾ ಕಷ್ಟದಲ್ಲಿರುವ ರೋಗಿಗಳಿಗಾಗಿಯೇ ಒಂದು ವಾರ್ಡು ತೆರೆದರು. ಜಗತ್ತಿನ ಮೊದಲ ಐಸಿಯು ಎಂದು ಅದನ್ನೇ ಹೇಳುತ್ತಾರೆ.

ಪುಟ್ಟಿ ಸುಮ್ಮನೆ ಕೇಳುತ್ತಿದ್ದಳು. “ಈಗ ತಾತನ ಚೀಟಿ ನೀನೇ ಓದು” ಎಂದೆ.

ಚೀಟಿಯಲ್ಲಿ ಪಿಎಚ್ 7.30. ಇಂಗಾಲದ ಡೈಆಕ್ಸೈಡ್ 64. ಬೈಕಾರ್ಬೊನೇಟ್ 30.

“7.35ಕ್ಕಿಂತ ಕಡಿಮೆ. ಅಂದ್ರೆ ಹುಳಿ ಕಡೆ ವಾಲಿದೆ.”

ಸರಿ.

“ಹುಳಿ ಕಡೆ ವಾಲಿಸಿದ್ದು ಇಂಗಾಲದ ಡೈಆಕ್ಸೈಡ್. 45 ಇರಬೇಕಾದ್ದು 64 ಇದೆ. ಅಂದ್ರೆ ಶ್ವಾಸಕೋಶದ ತಟ್ಟೆ.”

ಸರಿ. ಮೂರನೆಯದು?

ಸ್ವಲ್ಪ ಹೊತ್ತು ಯೋಚಿಸಿದಳು. “ಬೈಕಾರ್ಬೊನೇಟ್ 30, ಜಾಸ್ತಿ. ಆದ್ರೆ ಅದು ರೋಗ ಅಲ್ಲ. ಕಿಡ್ನಿ ಸಹಾಯ ಮಾಡ್ತಿದೆ. ಕಿಡ್ನಿ ನಿಧಾನ ಅಂದ್ರಿ. ಹಾಗಾದ್ರೆ ತಾತನಿಗೆ ತುಂಬಾ ದಿನದಿಂದ ಹೀಗೆ ಇತ್ತಾ?”

ಇತ್ತು. ಸವೆದ ಶ್ವಾಸಕೋಶದಿಂದ ಗಾಳಿ ಪೂರ್ತಿ ಹೊರಹೋಗದೆ ಬಹಳ ದಿನದಿಂದ ಸ್ವಲ್ಪ ಸ್ವಲ್ಪ ಉಳಿಯುತ್ತಿತ್ತು, ಕಿಡ್ನಿ ಸರಿದೂಗಿಸುತ್ತಿತ್ತು. ಶೀತ ಬಂದ ದಿನ ಅದರ ಕೈಮೀರಿತು. ಇಂಗಾಲದ ಡೈಆಕ್ಸೈಡ್ ಏರಿದರೆ ಮಿದುಳಿಗೆ ಮಂಕು ಕವಿಯುತ್ತದೆ. ತಾತ ತುತ್ತು ಹಿಡಿದು ತೂಕಡಿಸಿದ್ದು ನಿದ್ದೆಯಲ್ಲ, ಅದೇ ಮಂಕು.

ಬೆರಳಿನ ಕ್ಲಿಪ್ಪು ಸುಳ್ಳು ಹೇಳಲಿಲ್ಲ. ಅದಕ್ಕೆ ಗೊತ್ತಿರುವುದು ಆಮ್ಲಜನಕ ಒಂದೇ. ಇಂಗಾಲದ ಡೈಆಕ್ಸೈಡಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಕೋಪನ್‌ಹೇಗನ್‌ನಲ್ಲೂ ಆಮ್ಲಜನಕ ಕೊಟ್ಟಾಗ ತುಟಿಯ ನೀಲಿ ಹೋಗುತ್ತಿತ್ತು, ಒಳಗಿನ ಹುಳಿ ಹೋಗುತ್ತಿರಲಿಲ್ಲ. ಇನ್ನೊಂದು ಮಾತೂ ಇದೆ. ತಾತನಂಥ ಶ್ವಾಸಕೋಶ ಇರುವವರಿಗೆ ಆಮ್ಲಜನಕ ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟರೆ ಇಂಗಾಲದ ಡೈಆಕ್ಸೈಡ್ ಇನ್ನೂ ಏರಬಹುದು. ಅದಕ್ಕೇ ವೈದ್ಯರು ಇಂಥವರಿಗೆ ಸಾಮಾನ್ಯವಾಗಿ 88ರಿಂದ 92ರ ನಡುವೆ ಇಡುತ್ತಾರೆ. ಮೊದಲಿನ 89 ತಾತನ ಮಟ್ಟಿಗೆ ಗಾಬರಿಯ ಸಂಖ್ಯೆಯಾಗಿರಲಿಲ್ಲ.

ಪುಟ್ಟಿಯ ಮುಖ ಸಣ್ಣದಾಯಿತು. “ಅಪ್ಪಂದೇ ತಪ್ಪಾ?”

“ಅಪ್ಪನಿಗೆ ಯಾರೂ ಹೇಳಿರಲಿಲ್ಲ, ಕೂಸೇ. ಪ್ರೀತಿಯಿಂದಲೇ ತಿರುಪು ತಿರುಗಿಸಿದ್ದು. ದೊಡ್ಡ ಡಾಕ್ಟರುಗಳೇ ತಪ್ಪು ಓದಿದ ಕಥೆ ಈಗಷ್ಟೇ ಕೇಳಿದೆಯಲ್ಲ. ನಾನು ಓದಿದ ತಪ್ಪನ್ನೂ ಕೇಳು” ಎಂದೆ.

ಆಗ ನಾನು ಆಗಷ್ಟೇ ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ ಆಗಿದ್ದೆ. ರಾತ್ರಿ ಪಾಳಿಯಲ್ಲಿ ಹತ್ತು ವರ್ಷದ ಒಬ್ಬ ಹುಡುಗನನ್ನು ಕರೆತಂದರು. ಉಸಿರು ಜೋರು, ಆಳ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಶ್ವಾಸಕೋಶ ಸ್ವಚ್ಛ. ಹೆದರಿದ್ದಾನೆ ಎಂದುಕೊಂಡೆ. “ನಿಧಾನವಾಗಿ ಉಸಿರಾಡು ಮರಿ, ಏನೂ ಆಗಿಲ್ಲ” ಎಂದು ಬೆನ್ನು ತಟ್ಟಿ ಇನ್ನೊಬ್ಬ ರೋಗಿಯ ಕಡೆ ಹೊರಟೆ. ವಾರ್ಡಿನ ಹಿರಿಯ ಸಿಸ್ಟರ್ ನನ್ನನ್ನು ನಿಲ್ಲಿಸಿದರು. “ಡಾಕ್ಟ್ರೇ, ಮಗುವಿನ ಬಾಯಲ್ಲಿ ಕಳಿತ ಹಣ್ಣಿನ ವಾಸನೆ ಬರ್ತಿದೆ.” ತಾಯಿಯನ್ನು ಕೇಳಿದೆ. ಎರಡು ವಾರದಿಂದ ಚೊಂಬುಗಟ್ಟಲೆ ನೀರು ಕುಡಿಯುತ್ತಾನೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಾನೆ, ಸೊರಗಿದ್ದಾನೆ ಎಂದರು.

ಅವನ ಚೀಟಿ ನನಗೆ ಇನ್ನೂ ನೆನಪಿದೆ. ಪಿಎಚ್ 7.15. ಇಂಗಾಲದ ಡೈಆಕ್ಸೈಡ್ 18. ಬೈಕಾರ್ಬೊನೇಟ್ 6. ನೀವೂ ಓದಿ ನೋಡಿ. ಮುಳ್ಳು ಹುಳಿಯ ಕಡೆ. ಆದರೆ ಇಂಗಾಲದ ಡೈಆಕ್ಸೈಡ್ ಕಡಿಮೆ ಇದೆ, ಹಾಗಾಗಿ ಶ್ವಾಸಕೋಶದ ತಪ್ಪಲ್ಲ. ಬೈಕಾರ್ಬೊನೇಟ್ ಖಾಲಿಯಾಗಿದೆ. ಅವನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಇಲ್ಲದೆ ದೇಹ ಕೊಬ್ಬನ್ನು ಉರಿಸಿ, ಕೀಟೋನ್ ಎಂಬ ಹುಳಿಯಿಂದ ರಕ್ತ ತುಂಬಿಹೋಗಿತ್ತು. ಆ ಜೋರು ಉಸಿರು ಹೆದರಿಕೆಯಲ್ಲ, ಹುಳಿಯನ್ನು ಹೊರಹಾಕಲು ಶ್ವಾಸಕೋಶ ಮಾಡುತ್ತಿದ್ದ ಸಹಾಯ. ನಾನು ಆ ಸಹಾಯವನ್ನೇ ನಿಲ್ಲಿಸು ಎಂದಿದ್ದೆ! ಇನ್ಸುಲಿನ್, ಸಲೈನ್ ಕೊಟ್ಟೆವು. ಮೂರನೇ ದಿನ ಹಾಸಿಗೆಯ ಮೇಲೆ ಕೂತು ಇಡ್ಲಿ ತಿಂದ. ಆ ಸಿಸ್ಟರನ್ನು ನಾನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಮನೆಯ ಹಿರಿಯರೇ, ಇದಿಷ್ಟು ನೆನಪಿಡಿ. ಶ್ವಾಸಕೋಶದ ಹಳೆಯ ಕಾಯಿಲೆ ಇದ್ದರೆ, ಬೆರಳಿನ ಸಂಖ್ಯೆ ಎಷ್ಟಿರಬೇಕೆಂದು ನಿಮ್ಮ ವೈದ್ಯರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಆಮ್ಲಜನಕದ ತಿರುಪನ್ನು ನೀವಾಗಿ ಏರಿಸಬೇಡಿ, ನೀವಾಗಿ ನಿಲ್ಲಿಸಲೂಬೇಡಿ. ಬೆಳಿಗ್ಗೆ ಎದ್ದರೆ ತಲೆನೋವು, ಹಗಲಲ್ಲೂ ಬಿಡದ ಮಂಪರು, ಮಾತು ತೊದಲುವುದು ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಮಕ್ಕಳಿಗೆ ಬಾಯಾರಿಕೆ, ಮೂತ್ರ ಹೆಚ್ಚಾಗಿ, ಉಸಿರು ಜೋರಾದರೆ ಆ ದಿನವೇ ಸಕ್ಕರೆ ಪರೀಕ್ಷೆ ಮಾಡಿಸಿ. ರಕ್ತದ ಹುಳಿ ಇಳಿಸಲು ಅಡುಗೆ ಸೋಡಾ ಕುಡಿಯುವ ಸಾಹಸ ಖಂಡಿತ ಬೇಡ. ನಿಂಬೆಹಣ್ಣು ತಿಂದರೆ ರಕ್ತ ಹುಳಿಯಾಗುವುದೂ ಇಲ್ಲ, ಆರೋಗ್ಯವಂತರಲ್ಲಿ ಆ ಇಬ್ಬರು ಕಾವಲುಗಾರರು ನೋಡಿಕೊಳ್ಳುತ್ತಾರೆ.

ತಾತ ಈಗ ಮನೆಯಲ್ಲಿದ್ದಾರೆ. ಮುಖಕ್ಕೆ ಮಾಸ್ಕ್ ಕಟ್ಟಿ ಗಾಳಿ ಒತ್ತುವ ಯಂತ್ರದಲ್ಲಿ ಎರಡು ದಿನ ಇಟ್ಟರು, ಇಂಗಾಲದ ಡೈಆಕ್ಸೈಡ್ ಇಳಿಯಿತು, ಮಂಕು ಹೋಯಿತು. ಪುಟ್ಟಿ ಹೊರಡುವಾಗ, “ಡಾಕ್ಟರಜ್ಜಿ, ಅವತ್ತು ನಂಗೆ ಈ ಸಂಖ್ಯೆ ಯಾವುದೂ ಗೊತ್ತಿರಲಿಲ್ಲ” ಎಂದಳು.

“ತಾತನ ಮುಖ ಗೊತ್ತಿತ್ತಲ್ಲ” ಎಂದೆ.

ಇನ್ನು ನಿಮಗೊಂದು ಲೆಕ್ಕ. ಎರಡು ದಿನದಿಂದ ಒಂದೇ ಸಮನೆ ವಾಂತಿ ಮಾಡಿಕೊಂಡ ಒಬ್ಬರ ಚೀಟಿ ಇದು. ಪಿಎಚ್ 7.50, ಇಂಗಾಲದ ಡೈಆಕ್ಸೈಡ್ 48, ಬೈಕಾರ್ಬೊನೇಟ್ 36. ಹೊಟ್ಟೆಯೊಳಗೆ ಇರುವುದು ಹುಳಿ ಎಂಬುದು ನೆನಪಿರಲಿ. ಮುಳ್ಳು ಎತ್ತ ವಾಲಿದೆ, ವಾಲಿಸಿದ್ದು ಯಾರು, ಸಹಾಯಕ್ಕೆ ಬಂದವರು ಯಾರು? ಅಜ್ಜ ಅಜ್ಜಿಯ ಜೊತೆ ಕೂತು ಬಿಡಿಸಿ. ಉತ್ತರ ಮುಂದಿನ ವಾರ.